ಹೂಂ ಅನ್ನುವ ಕೆಲಸ

ನಮ್ಮ ಮನೆತನದಲ್ಲಿ ಮದುಮಗಳ ಪಕ್ಕ ಕೂತು ಅವಳ ಪರವಾಗಿ ಹೂಂ ಅನ್ನುವುದು ಫುಪ್ಪುವಿನ ಕೆಲಸ. ಫುಪ್ಪು ಅಂದರೆ ಸೋದರತ್ತೆ, ಅಪ್ಪನ ಒಡಹುಟ್ಟಿದವಳು. ನಿಕಾಹ್ ಆಗುವ ಮೊದಲು ಹುಡುಗಿಯ ಕಡೆಯ ಹಿರಿಯನೊಬ್ಬ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೆಂಗಸರ ಕೋಣೆಗೆ ಬರುತ್ತಾನೆ. ಅವನನ್ನು ವಕೀಲ ಅನ್ನುತ್ತಾರೆ, ಕೋರ್ಟಿಗೂ ಅವನಿಗೂ ಸಂಬಂಧವಿಲ್ಲ. ಇಂಥವರ ಮಗ ಇಂಥವನಿಗೆ ಇಷ್ಟು ಮೆಹರಿಗೆ, ಅಂದರೆ ವಧುಧನಕ್ಕೆ, ನಿನ್ನನ್ನು ನಿಕಾಹ್ ಮಾಡಿಕೊಡಲು ಒಪ್ಪಿಗೆಯಾ ಎಂದು ಕೇಳುತ್ತಾನೆ. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅವಳ ತಲೆಯ ಮೇಲೆ ಮೊದಲೇ ಕೈಯಿಟ್ಟುಕೊಂಡಿರುವ ಫುಪ್ಪು ಆ ಕೈಯನ್ನು ಒಂಚೂರು ಒತ್ತುತ್ತಾಳೆ. ತಲೆ ಅಲ್ಲಾಡುತ್ತದೆ. "ಹೂಂ ಅಂದ್ಲು, ಹೂಂ ಅಂದ್ಲು" ಎಂದು ಫುಪ್ಪು ಕೂಗುತ್ತಾಳೆ. ವಕೀಲ ಹೊರಗೆ ಹೋಗಿ ಖಾಜಿಯವರಿಗೆ, ಹುಡುಗಿ ಒಪ್ಪಿದಳು ಅನ್ನುತ್ತಾನೆ. ಆಮೇಲೆ ಹುಡುಗನ ಬಾಯಿಂದ ಕಬೂಲ್ ಅನ್ನಿಸುತ್ತಾರೆ. ಅದನ್ನು ಮಾತ್ರ ಇಡೀ ಶಾದಿ ಮಹಲಿಗೆ ಕೇಳುವ ಹಾಗೆ ಮೈಕಿನಲ್ಲಿ ಅನ್ನಿಸುತ್ತಾರೆ.

ನನ್ನ ನಿಕಾಹ್ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ನಡೆಯಿತು. ಬೇಸಿಗೆ. ಮುಖ ಮುಚ್ಚುವಷ್ಟು ಹೂವು, ಮೈಮೇಲೆ ಕಂಬಳಿಯಷ್ಟು ಭಾರದ ಸೀರೆ, ಕೋಣೆಯ ತುಂಬ ಬಂಧುಬಳಗದ ಹೆಂಗಸರು. ಬಾಗಿಲಲ್ಲಿ ಪಕ್ಕದ ಮನೆಯ ತಮಿಳು ಹೆಂಗಸರು ಕತ್ತು ಚಾಚಿ ನಿಂತಿದ್ದರು. ನನಗೆ ಗಂಟಲು ಒಣಗಿತ್ತು. ನೀರು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಫುಪ್ಪುವಿನ ಕೈ ಕೆಳಗೊತ್ತಿತು, ಅವಳ ಗಂಟಲು ಮೇಲೆದ್ದಿತು, ನನ್ನ ಮದುವೆಯಾಗಿ ಹೋಯಿತು. ಗಂಡ ಒಳ್ಳೆಯವನಾಗಿದ್ದದ್ದು ನನ್ನ ಅದೃಷ್ಟ. ಅದರಲ್ಲಿ ನನ್ನ ಪಾಲೇನೂ ಇಲ್ಲ. ನೀರು ಕೊಟ್ಟದ್ದು ಊಟ ಮುಗಿದ ಮೇಲೆ.

ಇದನ್ನೆಲ್ಲ ಹೇಳುತ್ತಿರುವುದು ನನ್ನ ಅಣ್ಣನ ಕಾರಣಕ್ಕೆ. ನನ್ನ ಅಣ್ಣ ಸುಧಾರಕ.

ಅಣ್ಣ ಶಿವಮೊಗ್ಗದಲ್ಲಿ ಕಾಲೇಜು ಮೇಷ್ಟ್ರು. ಆಲ್ಕೊಳದಲ್ಲಿ ಮನೆ, ಮನೆಯ ಮುಂದಿನ ಕೋಣೆಯ ಒಂದು ಗೋಡೆ ಪೂರ್ತಿ ಪುಸ್ತಕ. ಊರಿನಲ್ಲಿ ಸೌಹಾರ್ದ, ಸಂವಿಧಾನ, ಮಹಿಳೆ ಎಂದು ಯಾವ ಕಾರ್ಯಕ್ರಮವಿದ್ದರೂ ವೇದಿಕೆಯ ಮೇಲೆ ಒಂದು ಹೂಗುಚ್ಛ ಮತ್ತು ಒಬ್ಬ ಮುಸ್ಲಿಂ ಬೇಕೇ ಬೇಕು. ಹೂಗುಚ್ಛ ಪ್ರತಿ ಸಲ ಹೊಸದು ಬರುತ್ತದೆ. ಮುಸ್ಲಿಂ ಮಾತ್ರ ಯಾವಾಗಲೂ ನನ್ನ ಅಣ್ಣ. ಆಹ್ವಾನಿಸುವವರಿಗೆ ಇದು ಬಹಳ ಅನುಕೂಲ. ಅವನು ಬಂದು ತನ್ನವರನ್ನು ತಾನೇ ಬೈದು ಹೋಗುತ್ತಾನೆ, ಕೇಳಿದವರು ಹಗುರಾದ ಮನಸ್ಸಿನಿಂದ ಮನೆಗೆ ಹೋಗಿ ತಮ್ಮ ಜಾತಿಯಲ್ಲೇ ಮಗಳಿಗೆ ಗಂಡು ಹುಡುಕುತ್ತಾರೆ. ಅಧ್ಯಕ್ಷತೆಗೆ ಒಬ್ಬರು ನಿವೃತ್ತ ಪ್ರಾಧ್ಯಾಪಕರಿದ್ದಾರೆ. ಅಣ್ಣ ಮಾತು ಮುಗಿಸಿದ ಕೂಡಲೇ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಂಥ ಧ್ವನಿಗಳು ಇನ್ನೂ ನೂರಾಗಬೇಕು ಅನ್ನುತ್ತಾರೆ. ನೂರು ಯಾಕೆ, ಎರಡಾದರೂ ನನ್ನ ಅಣ್ಣನಿಗೆ ಹೊಟ್ಟೆಯುರಿ ಬರುತ್ತದೆ.

ಅವನ ಭಾಷಣ ನನಗೆ ಬಾಯಿಪಾಠ. ಗ್ರಂಥದ ಅಕ್ಷರಕ್ಕೆ ಜೋತುಬೀಳಬೇಡಿ, ಆಶಯ ಹಿಡಿಯಿರಿ. ಅದು ಇಳಿದ ಕಾಲ ಯಾವುದು, ಯಾರ ಯಾವ ಪ್ರಶ್ನೆಗೆ ಉತ್ತರವಾಗಿ ಇಳಿಯಿತು ನೋಡಿ. ಆಯಾ ಕಾಲದ ವಿವೇಕದಿಂದ ಕುರ್‌ಆನನ್ನು ಓದಿ ಹೊಸ ತೀರ್ಮಾನಕ್ಕೆ ಬರುವುದಕ್ಕೆ ನಮ್ಮಲ್ಲೇ ಒಂದು ಹೆಸರಿದೆ, ಇಜ್ತಿಹಾದ್. ಆ ಬಾಗಿಲನ್ನು ಮೌಲ್ವಿಗಳು ಎಂದೋ ಮುಚ್ಚಿ ಚಿಲಕ ಹಾಕಿದ್ದಾರೆ, ಅದನ್ನು ನಾವು ಒದ್ದು ತೆರೆಯಬೇಕು. ಒದ್ದು ಅನ್ನುವಾಗ ಅವನು ನಿಜವಾಗಿಯೂ ಕಾಲು ಸ್ವಲ್ಪ ಎತ್ತುತ್ತಾನೆ. ಆಲ್ಕೊಳದ ಮನೆಯಲ್ಲಿ ಗೆಳೆಯರೆಲ್ಲ ಸೇರಿ ಇದನ್ನೇ ಚರ್ಚಿಸುವಾಗ ನನ್ನ ಭಾಬಿ, ಅಂದರೆ ಅವನ ಹೆಂಡತಿ, ಅಡುಗೆಮನೆಯಿಂದ ಚಹಾ ತರುತ್ತಾಳೆ. ಹೆಣ್ಣಿನ ಸ್ಥಾನಮಾನದ ಮೇಲೆ ಗಂಡಸರು ಮಾತಾಡುತ್ತಿರುವಾಗ ತಟ್ಟೆ ಎಲ್ಲಿಡುವುದೆಂದು ತಿಳಿಯದೆ ಅವಳು ನಿಂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರೂ ಪುಸ್ತಕ ಸರಿಸಿ ಜಾಗ ಮಾಡಿಕೊಡುವುದಿಲ್ಲ.

ನಾನು ಮರುಓದು ಬೇಡ ಎನ್ನುವವಳಲ್ಲ. ಭದ್ರಾವತಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಒಂದು ಪದ್ಯವನ್ನು ಪ್ರತಿ ವರ್ಷ ಹೊಸ ಮಕ್ಕಳ ಜೊತೆ ಓದುವಾಗ ಅದು ಬೇರೆಯದೇ ಏನನ್ನೋ ಹೇಳುವುದು ನನಗೆ ಗೊತ್ತು. ಗ್ರಂಥಕ್ಕೂ ಅಷ್ಟು ಗೌರವ ಕೊಡಬೇಕಲ್ಲ? ಅರ್ಥ ತಿಳಿಯದೆ ಅರಬ್ಬಿಯಲ್ಲಿ ಓದಿ ಮುಗಿಸಿ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡುವುದನ್ನೇ ಭಕ್ತಿ ಎಂದುಕೊಂಡು ಬೆಳೆದವಳು ನಾನು. ಮದುವೆಯಾದ ಮೇಲೆ ಕನ್ನಡದಲ್ಲಿ ಓದಿದಾಗ ಅಲ್ಲಿ ನನ್ನನ್ನು ಉದ್ದೇಶಿಸಿದ ಮಾತುಗಳೂ ಇವೆ ಎಂದು ಗೊತ್ತಾಗಿ, ಇಷ್ಟು ವರ್ಷ ಇದನ್ನು ಯಾಕೆ ಯಾರೂ ಹೇಳಲಿಲ್ಲ ಎಂದು ಸಿಟ್ಟು ಬಂದಿತ್ತು. ಮಸೀದಿ ಕಮಿಟಿಯವರ ಬಗ್ಗೆ ಹೇಳುವುದೇ ಬೇಡ. ಹುಡುಗಿಯರು ಸ್ಕೂಟಿ ಓಡಿಸಬಾರದು ಎಂದು ವಾಟ್ಸಾಪಿನಲ್ಲಿ ಉಪದೇಶ ಕಳಿಸಿ, ಮಗಳನ್ನು ಅದೇ ಸ್ಕೂಟಿಯಲ್ಲಿ ದಿನಸಿಗೆ ಕಳಿಸುವ ಜನ. ಆದರೆ ಅವರಿಂದ ನನಗೇನೂ ನಿರೀಕ್ಷೆ ಇರಲಿಲ್ಲ, ಹಾಗಾಗಿ ಅವರ ಮೇಲೆ ಹೆಚ್ಚು ತಿರಸ್ಕಾರ ಖರ್ಚು ಮಾಡಲು ಮನಸ್ಸಿಲ್ಲ.

ಅಣ್ಣನಿಂದ ನಿರೀಕ್ಷೆ ಇತ್ತು. ಒಂದು ಮಧ್ಯಾಹ್ನ ಅವನು ಶಿವಮೊಗ್ಗದ ಒಂದು ಸಭಾಂಗಣದಲ್ಲಿ ನಿಕಾಹಿನ ಬಗ್ಗೆ ಮಾತಾಡಿದ. ಕನ್ಯೆ ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ತಿಳಿಯಬೇಕು ಎನ್ನುವ ಹಳೆಯ ಮಾತನ್ನು ಎತ್ತಿಕೊಂಡ. ಆ ಮಾತಿನ ಉದ್ದೇಶ ನಾಚುವ ಹುಡುಗಿಗೆ ಅನುಕೂಲ ಮಾಡಿಕೊಡುವುದಾಗಿತ್ತು, ನಾವು ಅದನ್ನು ಅವಳ ಬಾಯಿ ಮುಚ್ಚಿಸಲು ಬಳಸಿದೆವು, ಇಂದು ಹೆಣ್ಣಿನ ಮೌನವನ್ನು ಅಸಮ್ಮತಿ ಎಂದೇ ಓದಬೇಕು ಎಂದ. ನಿಕಾಹ್ ಒಂದು ಕರಾರು, ಕರಾರಿಗೆ ಷರತ್ತು ಹಾಕುವ ಹಕ್ಕು ಹೆಣ್ಣಿಗೂ ಇದೆ, ಓದುತ್ತೇನೆ, ದುಡಿಯುತ್ತೇನೆ ಎಂದು ಆಕೆ ಖಾಜಿಯ ಮುಂದೆಯೇ ಹೇಳಿ ಬರೆಸಬಹುದು ಎಂದ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ನನ್ನ ತಲೆಯ ಮೇಲಿನ ಆ ಹಳೆಯ ಕೈಯನ್ನು ಯಾರೋ ಎತ್ತಿದ ಹಾಗಾಯಿತು. ಪಕ್ಕದಲ್ಲಿದ್ದ ನನ್ನ ಗೆಳತಿ, ನಮ್ಮ ಸ್ಕೂಲಿನ ಗಣಿತದ ಟೀಚರು, ಲಿಂಗಾಯತರವಳು, ನನ್ನ ಕೈ ಹಿಡಿದು ಹೇಳಿದಳು: "ಮಾರಾಯ್ತಿ, ನಿಮ್ಮಣ್ಣ ಎಷ್ಟು ಚೆನ್ನಾಗಿ ಮಾತಾಡ್ತಾರೆ! ನಮ್ಮೋರೊಬ್ರೂ ಹೀಗೆ ಬಾಯಿ ಬಿಡಲ್ಲ." ನನಗೆ ಹೆಮ್ಮೆಯಾಯಿತು. ಅಣ್ಣನ ಮಗಳೂ ಅಲ್ಲೇ ಇದ್ದಳು, ಎದ್ದು ನಿಂತು ಚಪ್ಪಾಳೆ ಹೊಡೆದಳು.

ಆ ಮಗಳು ನವುಲೆಯ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಒಬ್ಬಳೇ ಮಗಳು. ಬಿಸಿಲಲ್ಲಿ ಗದ್ದೆಗಿಳಿದು ಮುಖ ಕಪ್ಪು ಮಾಡಿಕೊಂಡಳೆಂದು ಅವಳ ಅಜ್ಜಿ, ಅಂದರೆ ಭಾಬಿಯ ತಾಯಿ, ದಿನಾ ಗೊಣಗುತ್ತಿದ್ದಳು. ಹುಡುಗಿಗೆ ಮಣ್ಣೆಂದರೆ ಜೀವ. ನಮ್ಮ ಮನೆಗೆ ಬಂದರೆ ಹಿತ್ತಿಲಿನ ಮಣ್ಣನ್ನು ಕೈಯಲ್ಲಿ ಹಿಡಿದು ಉಂಡೆ ಮಾಡಿ, ಹಿಸುಕಿ, ಏನೇನೋ ಹೇಳುವಳು. ಮುಂದೆ ಅದರಲ್ಲೇ ಇನ್ನೂ ಓದಬೇಕು, ಕೆಲಸ ಹಿಡಿಯಬೇಕು ಎಂದು ಅವಳ ಆಸೆ.

ಚಪ್ಪಾಳೆ ಹೊಡೆದ ಮುಂದಿನ ಚಳಿಗಾಲದಲ್ಲಿ ಆಯನೂರಿನಿಂದ ಒಂದು ಸಂಬಂಧ ಬಂತು. ಸಾಮಿಲ್ಲಿನವರು, ಒಳ್ಳೆಯ ಮನೆತನ, ಹುಡುಗ ಅಪ್ಪನ ಜೊತೆ ಮಿಲ್ಲು ನೋಡಿಕೊಳ್ಳುತ್ತಾನೆ, ಚಟಗಳಿಲ್ಲ. ಅವರದು ಒಂದೇ ಮಾತು: ಓದಿದ್ದು ಸಾಕು, ರಂಜಾನಿಗೆ ಮೊದಲು ಸೊಸೆ ಮನೆಗೆ ಬರಬೇಕು. ಅಣ್ಣ ಒಪ್ಪಿಕೊಂಡು ಬಂದ. ಮಗಳನ್ನು ಕೇಳಿದ್ದು ಆಮೇಲೆ. ಕೇಳಿದ್ದು ಅಂದರೆ, ಹೇಳಿದ್ದು.

ಒಂದು ಭಾನುವಾರ ಹುಡುಗಿ ಬಸ್ಸು ಹತ್ತಿ ಭದ್ರಾವತಿಗೆ ಬಂದಳು. ನಮ್ಮ ಮನೆಮಾತು ಉರ್ದು, ಅಂದರೆ ಲಖನೌದವರು ಕೇಳಿದರೆ ನಗುವ ಉರ್ದು. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಫುಪ್ಪು, ಹುಡುಗ ಬೇಡ ಅಂತ ನಾನು ಹೇಳ್ತಿಲ್ಲ. ಅವನ್ನ ನೋಡಿ ಬೇಡ ಅನ್ನೋಕೆ ಏನೂ ಕಾರಣ ಇಲ್ಲ. ನನ್ನ ಓದು ಮುಗೀಲಿ. ಮುಂದೆ ಕೆಲಸ ಮಾಡೋಕೆ ಬಿಡ್ತೀವಿ ಅಂತ ಅವರು ನಿಕಾಹಿನಲ್ಲೇ ಒಪ್ಕೊಳ್ಲಿ. ಅಷ್ಟೇ ನಾನು ಕೇಳೋದು."

"ಅಬ್ಬಾಗೆ ಹೇಳ್ದ್ಯಾ?"

"ಹೇಳ್ದೆ. ಅವರ ಭಾಷಣದಲ್ಲಿ ಇದ್ದಿದ್ದನ್ನೇ ಹೇಳ್ದೆ. ಭಾಷಣಾನ ಮನೇಗೆ ತರಬೇಡ ಅಂದ್ರು."

ನಾನು ಮಾರನೆಯ ದಿನ ಶಾಲೆಗೆ ರಜೆ ಹಾಕಿ ಆಲ್ಕೊಳಕ್ಕೆ ಹೋದೆ. ಅಣ್ಣ ಪುಸ್ತಕದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ನಾನು ಬಂದ ಕಾರಣ ಅವನಿಗೆ ಗೊತ್ತಿತ್ತು.

"ನೋಡು, ತತ್ವ ಬೇರೆ, ಸಂಬಂಧ ಬೇರೆ. ಷರತ್ತು ಅಂತ ಬಾಯಿ ಬಿಟ್ರೆ ಅವರು ಎದ್ದು ಹೋಗ್ತಾರೆ. ಸಮುದಾಯ ಇನ್ನೂ ತಯಾರಾಗಿಲ್ಲ."

"ನೀನು ಸಮುದಾಯ ಅಲ್ವಾ ಭಾಯ್? ನೀನಾದ್ರೂ ತಯಾರಾಗಿದೀಯಾ?"

"ಎಲ್ಲಾನೂ ಒಂದೇ ಸಲ ಆಗಲ್ಲ ಕಣೇ. ಹಂತಹಂತವಾಗಿ ಆಗಬೇಕು. ಕುರ್‌ಆನೇ ಒಂದೇ ದಿನಕ್ಕೆ ಇಳೀಲಿಲ್ಲ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳೀತು."

ಇದನ್ನು ಅವನು ನಗದೆ ಹೇಳಿದ. ಮಗಳ ಓದು ಬಿಡಿಸುವುದಕ್ಕೆ ಗ್ರಂಥ ಇಳಿದ ಕ್ರಮವನ್ನೇ ಸಾಕ್ಷಿಗೆ ಕರೆಯಬಲ್ಲ ಮನುಷ್ಯ ಇಡೀ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು.

"ಅದು ಇಳಿದು ಮುಗೀತು ಭಾಯ್," ಅಂದೆ. "ನಿಂದು ಇನ್ನೂ ಮೋಡದಲ್ಲೇ ಇದೆ."

ಅವನಿಗೆ ಸಿಟ್ಟು ಬಂತು. ನನ್ನ ಭಾಷೆ ಒರಟಾಗಿದೆ, ಕಾರ್ಖಾನೆ ಊರಿನ ಭಾಷೆ ಅಂದ. ಭಾಬಿ ಚಹಾ ತಂದು, ತಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದಳು. ನಾನು ಮೇಜಿನ ಮೇಲಿದ್ದ ಪುಸ್ತಕಗಳನ್ನು ತೆಗೆದು ನೆಲಕ್ಕಿಟ್ಟೆ. ಹೊರಡುವಾಗ ಅಣ್ಣ ಗೇಟಿನ ತನಕ ಬಂದ. ದನಿ ಮೆತ್ತಗಾಗಿತ್ತು.

"ಇಜಾಜತ್ ಕೇಳೋಕೆ, ಒಪ್ಪಿಗೆ ಕೇಳೋಕೆ ಬರ್ತಾರಲ್ಲ, ಆಗ ನೀನೇ ಪಕ್ಕದಲ್ಲಿ ಕೂರಬೇಕು. ಹುಡುಗಿ ಏನಾದ್ರೂ ಹಟ ಮಾಡಿದ್ರೆ ನೀನು ಹೂಂ ಅಂದ್ಬಿಡು. ನೋಡ್ಕೋತೀಯಲ್ಲ?"

ನಾನು ಉತ್ತರ ಕೊಡಲಿಲ್ಲ. ಅವನು ನನ್ನ ಮೌನವನ್ನು ಹೇಗೆ ಓದಿದನೆಂದು ಅವನ ಮುಖ ನೋಡಿಯೇ ಗೊತ್ತಾಯಿತು. ನೆಮ್ಮದಿಯಿಂದ ಗೇಟು ಹಾಕಿಕೊಂಡ.

ಮದುವೆಯ ದಿನ ಶಾದಿ ಮಹಲಿನ ಹೆಂಗಸರ ಕೋಣೆಯಲ್ಲಿ ಹುಡುಗಿಯ ಬಲಕ್ಕೆ ನಾನು ಕೂತೆ, ಎಡಕ್ಕೆ ಅವಳ ಅಜ್ಜಿ. ಹಿಂದಿನ ದಿನವೇ ನಾನೂ ಹುಡುಗಿಯೂ ಮಾತಾಡಿಕೊಂಡಿದ್ದೆವು. ಅವಳು ತನ್ನ ಮಾತು ಹೇಳುತ್ತಾಳೆ. ಅವಳ ಬಾಯಿಂದ ಬರುವ ತನಕ ಬೇರೆ ಯಾರ ಬಾಯಿಂದಲೂ ಏನೂ ಬರದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ನನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. "ತಲೆ ಮೇಲೆ ಕೈ ಇಡು, ಏನು ಹಾಗೆ ಕೂತಿದೀಯ" ಎಂದು ಯಾರೋ ಹಿಂದಿನಿಂದ ತಿವಿದರು. ನಾನು ಕೇಳಿಸದವಳ ಹಾಗೆ ಕೂತೆ. ಹೊರಗೆ ಬಿರಿಯಾನಿಯ ದಮ್ಮು ಒಡೆದಿದ್ದರು, ವಾಸನೆ ಕೋಣೆಯ ತನಕ ಬರುತ್ತಿತ್ತು.

ವಕೀಲನಾಗಿ ಬಂದವನು ಹುಡುಗಿಯ ಮಾಮು, ಭಾಬಿಯ ಅಣ್ಣ. ಸಾಧು ಮನುಷ್ಯ. ಹಿಂದೆ ಇಬ್ಬರು ಸಾಕ್ಷಿಗಳು, ಇಬ್ಬರಿಗೂ ಊಟದ ಮೇಲೆ ಗಮನ. ಮಾಮು ಕಂಠಪಾಠ ಮಾಡಿದ ಹಾಗೆ ಹೇಳಿ, ಒಪ್ಪಿಗೆಯಾ ಎಂದು ಕೇಳಿದ. ಅಜ್ಜಿಯ ಕೈ ಹುಡುಗಿಯ ತಲೆಯ ಕಡೆ ಹೊರಟಿತು. ನಾನು ಆ ಮಣಿಕಟ್ಟನ್ನು ಹಿಡಿದೆ. ಮುದುಕಿ ನನ್ನನ್ನು ನೋಡಿದ ನೋಟ ಈಗಲೂ ಚೆನ್ನಾಗಿ ನೆನಪಿದೆ. ಬಳೆಗಳು ನನ್ನ ಅಂಗೈಗೆ ಒತ್ತುತ್ತಿದ್ದವು, ಬಿಡಲಿಲ್ಲ.

"ಮಾಮು," ಅಂದಳು ಹುಡುಗಿ, ತಲೆಯೆತ್ತಿ. "ನಂಗೆ ಒಪ್ಪಿಗೆ ಇದೆ, ಒಂದು ಷರತ್ತಿನ ಮೇಲೆ. ನನ್ನ ಓದು ಮುಗಿಯೋ ತನಕ ಕಾಲೇಜಿಗೆ ಹೋಗ್ತೀನಿ. ಆಮೇಲೆ ಕೆಲಸ ಮಾಡ್ತೀನಿ. ಇದನ್ನ ಖಾಜಿ ಸಾಹೇಬ್ರಿಗೆ ಹೇಳಿ, ಅವರ ಕಡೆಯವರು ಹೂಂ ಅಂದ್ರೆ ನಂದೂ ಹೂಂ."

ಮಾಮುವಿಗೆ ಬೆವರು ಬಂತು. ಪಾಪ, ಪ್ರಶ್ನೆ ಮಾತ್ರ ಕಲಿತು ಬಂದಿದ್ದ, ಉತ್ತರ ಬರಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ. ಹುಡುಗಿ ಅದೇ ಉತ್ತರ ಕೊಟ್ಟಳು. ಮಾಮು ಹೊರಗೆ ಹೋಗಿ ನನ್ನ ಅಣ್ಣನನ್ನು ಕರೆತಂದ. ತಡವಾಗುತ್ತಿದೆಯೆಂದು ಖಾಜಿಯವರೂ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತರು. ಅಣ್ಣ ಒಳಗೆ ಬಂದು ಮೊದಲು ಮಾಡಿದ್ದೇನೆಂದರೆ, ಗಂಡಿನ ಕಡೆಯವರಿಗೆ ಕೇಳಿಸದಿರಲೆಂದು ಖಾಜಿಯವರನ್ನು ಒಳಗೆಳೆದುಕೊಂಡು ಬಾಗಿಲು ಮುಚ್ಚಿ ಚಿಲಕ ಹಾಕಿದ್ದು.

"ಏನಂದ್ಲು?" ಖಾಜಿಯವರು ಕೇಳಿದರು.

"ಒಪ್ಪಿಗೆ ಇದೆ ಅಂದ್ಲು," ಅಣ್ಣ ಹೇಳಿದ.

"ಷರತ್ತು ಅಂತಾನೂ ಏನೋ ಅಂದ್ಲಂತಲ್ಲ?"

"ಅದು ಹಾಗಲ್ಲ ಖಾಜಿ ಸಾಬ್. ಹುಡುಗಿ ಗಾಬರಿಯಾಗಿದಾಳೆ. ಮಾತಿನ ಅಕ್ಷರ ಬಿಡಿ, ಅವಳ ಆಶಯ ನೋಡಿ. ಆಶಯ ಒಪ್ಪಿಗೇನೇ."

ನಾನು ನಕ್ಕುಬಿಟ್ಟೆ. ಜೋರಾಗಿ, ಅಸಹ್ಯವಾಗಿ ನಕ್ಕೆ. ಇಷ್ಟು ವರ್ಷ ವೇದಿಕೆಗಳ ಮೇಲೆ ಅವನು ಕಲಿತದ್ದು ಇದಕ್ಕೇ ಎಂದು ಆಗ ಗೊತ್ತಾಯಿತು. ಸಾವಿರದ ನಾನ್ನೂರು ವರ್ಷ ಹಳೆಯ ವಾಕ್ಯಗಳ ಮೇಲೆ ಕೈ ಪಳಗಿಸಿಕೊಂಡು, ಕಣ್ಣೆದುರಿಗೆ ಕೂತ ಮಗಳ ವಾಕ್ಯದಿಂದ ತನಗೆ ಬೇಡದ್ದನ್ನು ತೆಗೆದು ಬೇಕಾದ್ದನ್ನು ಉಳಿಸಿಕೊಳ್ಳುವುದು. ಗ್ರಂಥವಾದರೂ ಎದ್ದು ನಾನು ಹಾಗೆ ಹೇಳಿಲ್ಲ ಅನ್ನುವುದಿಲ್ಲ. ಇವಳು ಅಂದಳು.

"ನಾನು ಗಾಬರಿಯಾಗಿಲ್ಲ. ಷರತ್ತು ಇಲ್ದಿದ್ರೆ ಒಪ್ಪಿಗೆ ಇಲ್ಲ."

ಖಾಜಿಯವರು ಗಡಿಯಾರ ನೋಡಿಕೊಂಡರು. "ಪ್ರೊಫೆಸರ್ ಸಾಬ್, ನಂಗೆ ಅವಳು ಏನಂದ್ಲೋ ಅದು ಬೇಕು, ಆಶಯ ನೀವೇ ಇಟ್ಕೊಳ್ಳಿ. ಷರತ್ತು ಬರ್ಕೋ ಅಂದ್ರೆ ಬರ್ಕೋತೀನಿ, ಅದರಲ್ಲೇನೂ ತಪ್ಪಿಲ್ಲ. ಬೇಡ ಅಂದ್ರೆ ಬಿಡ್ತೀನಿ. ಬೇಗ ಹೇಳಿ, ಭದ್ರಾವತೀಲಿ ಇನ್ನೊಂದು ನಿಕಾಹ್ ಇದೆ." ಅವರಿಗೆ ಹುಡುಗಿಯ ಓದಿನ ಮೇಲೆ ಕಾಳಜಿ ಇತ್ತೆಂದು ನಾನು ಹೇಳುವುದಿಲ್ಲ. ಅವಸರವಿತ್ತು. ಅಣ್ಣ ತನ್ನ ಭಾಷಣಗಳಲ್ಲಿ ಬಾಗಿಲು ಮುಚ್ಚಿದವರೆಂದು ಬೈಯುತ್ತಿದ್ದದ್ದು ಇಂಥವರನ್ನೇ. ಅವರು ತಾವೇ ಚಿಲಕ ತೆಗೆದು ಹೊರಗೆ ನಡೆದರು.

ಹೊರಗೆ ಏನು ನಡೆಯಿತೆಂದು ನನಗೆ ಆಮೇಲೆ ಗೊತ್ತಾಯಿತು. ಅಣ್ಣ ಹುಡುಗನ ಅಪ್ಪನ ಹತ್ತಿರ ಹೋಗಿ ಷರತ್ತಿನ ಬಗ್ಗೆ ಮಾತಾಡಲೇ ಇಲ್ಲ, ಕ್ಷಮೆ ಕೇಳಿದ. ಮಗು ತಿಳಿಯದೆ ಏನೋ ಅಂದಿದ್ದಾಳೆ, ಸ್ವಲ್ಪ ಹೊತ್ತು ಕೊಡಿ, ಸರಿಮಾಡುತ್ತೇನೆ ಅಂದ. ಷರತ್ತಿನ ವಿಷಯ ಖಾಜಿಯವರ ಬಾಯಿಂದ ಆಗಲೇ ಕೇಳಿದ್ದ ಅವರು, ಈಗಲೇ ಷರತ್ತು ಹಾಕುವವಳು ನಾಳೆ ನಮಗೆ ಊಟ ಹಾಕುತ್ತಾಳಾ ಎಂದು ಕೇಳಿ ಎದ್ದುನಿಂತರು. ಹುಡುಗ ಮುಖ ಮುಚ್ಚುವ ಹೂವಿನ ಸೆಹ್ರಾದ ಹಿಂದೆ ಬೆವರುತ್ತ ಕೂತಿದ್ದನಂತೆ. ಅವನಿಗೇನನ್ನಿಸುತ್ತದೆಂದು ಯಾರೂ ಕೇಳಲಿಲ್ಲ, ಅವನಿಗೆ ಅವನ ಅಪ್ಪನೇ ಫುಪ್ಪು. ಅಪ್ಪ ಎದ್ದ, ಮಗ ಎದ್ದ. ನಿಕಾಹ್ ನಿಂತಿತು. ಬಿರಿಯಾನಿ ನಿಲ್ಲಲಿಲ್ಲ. ಗಂಡಿನ ಕಡೆಯ ಬಸ್ಸಿನಲ್ಲಿ ಬಂದವರಲ್ಲಿ ಅರ್ಧ ಜನ ಅವಮಾನವಾಯಿತೆಂದು ಗೊಣಗುತ್ತಲೇ ಕೂತು ಉಂಡು, ಕೈತೊಳೆದು, ಆಮೇಲೆ ಸಿಟ್ಟಿನಿಂದ ಬಸ್ಸು ಹತ್ತಿದರು. ಹುಡುಗಿ ಮಾತ್ರ ಏನೂ ತಿನ್ನಲಿಲ್ಲ. ನನ್ನ ಭುಜಕ್ಕೆ ತಲೆಯಿಟ್ಟು ನಡುಗುತ್ತಿದ್ದಳು. ಅಷ್ಟು ಧೈರ್ಯವಾಗಿ ಮಾತಾಡಿದವಳು ಹೀಗೆ ನಡುಗುತ್ತಾಳೆಂದು ನಾನು ಎಣಿಸಿರಲಿಲ್ಲ, ನನಗೆ ಅವಳ ಅಪ್ಪನನ್ನು ಕಪಾಳಕ್ಕೆ ಹೊಡೆಯಬೇಕೆನ್ನಿಸಿತು.

ಅಣ್ಣ ಮಗಳ ಜೊತೆ ಮಾತು ಬಿಟ್ಟ. ಕಾಲೇಜೂ ಸಾಕು, ಮನೆಯಲ್ಲಿರು ಎಂದು ಹೆಂಡತಿಯ ಮೂಲಕ ಹೇಳಿಸಿದ. ಭಾಬಿ ಆ ಮಾತನ್ನು ಮಗಳಿಗೆ ತಲುಪಿಸಿದಳು, ಜೊತೆಗೆ ಮಗಳ ಬಟ್ಟೆ ಪುಸ್ತಕಗಳನ್ನೂ ಒಂದು ಬ್ಯಾಗಿಗೆ ತುಂಬಿದಳು. ನನಗೆ ಫೋನ್ ಮಾಡಿ, "ಬಂದು ಕರ್ಕೊಂಡು ಹೋಗಿ" ಎಂದಷ್ಟೇ ಅಂದಳು. ಆ ಮನೆಯಲ್ಲಿ ಗ್ರಂಥದ ಆಶಯ ಯಾರಿಗಾದರೂ ತಿಳಿದಿದ್ದರೆ ಅದು ಅವಳಿಗೆ. ಆಮೇಲಿನಿಂದ ಹುಡುಗಿ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ನವುಲೆಗೆ ಹೋಗಿಬರುತ್ತಾಳೆ. ನನ್ನ ಗಂಡ ಬೆಳಿಗ್ಗೆ ಸ್ಕೂಟರಿನಲ್ಲಿ ಸ್ಟ್ಯಾಂಡಿಗೆ ಬಿಟ್ಟುಬರುತ್ತಾನೆ. ಅವನು ಇಜ್ತಿಹಾದ್ ಅನ್ನುವ ಶಬ್ದವನ್ನೇ ಕೇಳಿಲ್ಲ.

ಕೆಲವು ತಿಂಗಳು ಕಳೆದವು. ಒಂದು ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಗೆಳತಿ ಒಂದು ಆಹ್ವಾನ ಪತ್ರಿಕೆ ಹಿಡಿದು ಓಡಿಬಂದಳು. "ಮಾರಾಯ್ತಿ, ಹೇಳಲೇ ಇಲ್ವಲ್ಲ ನೀನು! ನಿಮ್ಮಣ್ಣನ ಮಗಳೂ ಮಾತಾಡ್ತಾಳಂತೆ!" ವಿಷಯ, ಮರುಓದು ಮನೆಯಿಂದಲೇ. ಉಪನ್ಯಾಸ, ಅಣ್ಣನದು. ಅದರ ಕೆಳಗೆ, ಅನುಭವ ಹಂಚಿಕೆ ಎಂದು ಹುಡುಗಿಯ ಹೆಸರು ಅಚ್ಚಾಗಿತ್ತು. ಸಂಜೆ ಮನೆಗೆ ಹೋಗಿ ಅವಳಿಗೆ ತೋರಿಸಿದೆ. ಅವಳಿಗೇನೂ ಗೊತ್ತಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದಳು.

"ಹೋಗೋಣ ಫುಪ್ಪು," ಅಂದಳು. "ನನ್ನ ಹೆಸರಿದೆಯಲ್ಲ."

ಸಭಾಂಗಣ ತುಂಬಿತ್ತು. ಅಣ್ಣ ಆ ದಿನ ಅದ್ಭುತವಾಗಿ ಮಾತಾಡಿದ, ಅದನ್ನು ಅಲ್ಲಗಳೆಯುವುದಿಲ್ಲ. ಸುಧಾರಣೆ ಪುಸ್ತಕದಲ್ಲಲ್ಲ, ಅಂಗಳದಲ್ಲಿ ಶುರುವಾಗಬೇಕು ಅಂದ. "ನನ್ನ ಮಗಳ ಮನಸ್ಸಿನಲ್ಲಿ ಪೂರ್ಣ ಒಪ್ಪಿಗೆ ಇಲ್ಲವೆಂದು ತಿಳಿದ ಕ್ಷಣ, ನೂರಾರು ಅತಿಥಿಗಳ ಎದುರಿಗೆ, ಅವಮಾನಕ್ಕೆ ಅಂಜದೆ, ನಾನು ಆ ನಿಕಾಹನ್ನು ನಿಲ್ಲಿಸಿದೆ" ಎಂದು ಹೇಳುವಾಗ ಅವನ ದನಿ ನಡುಗಿತು. ಅವನು ಸುಳ್ಳು ಹೇಳುತ್ತಿದ್ದಾನೆಂದೂ ನನಗನ್ನಿಸಲಿಲ್ಲ. ಅಷ್ಟರಲ್ಲಿ ಅವನು ಆ ದಿನವನ್ನೂ ಮರುಓದಿ ಮುಗಿಸಿದ್ದ. ಅಧ್ಯಕ್ಷರು ಕನ್ನಡಕ ತೆಗೆದರು. ನನ್ನ ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಹುಡುಗಿಯ ಹೆಸರು ಕರೆದರು. ಅವಳು ಹೋಗಿ ಮೈಕಿನ ಮುಂದೆ ನಿಂತಳು.

"ಈ ಕಾರ್ಯಕ್ರಮಕ್ಕೆ ಬರ್ತೀಯಾ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ," ಅಂದಳು. "ಕಾರ್ಡಿನಲ್ಲಿ ಹೆಸರು ನೋಡಿ ಬಂದೆ. ಮದುವೆ ನಿಲ್ಲಿಸಿದ್ದು ಅಬ್ಬಾ ಅಲ್ಲ. ನಾನು ಮಾತಾಡಿದಾಗ ಅವರು ಬಾಗಿಲು ಹಾಕಿದ್ರು. ಇಷ್ಟೇ ನನ್ನ ಅನುಭವ."

ಇಳಿದು ಬಂದಳು. ಆಮೇಲೆ ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು, ಹಿಂದೆಯೇ ಇಡೀ ಸಭೆ ತಟ್ಟಿತು. ಯಾರು ಏನು ಹೇಳಿದರೂ ತಟ್ಟಲು ಸಿದ್ಧರಾಗಿ ಬಂದ ಜನ. ಅಧ್ಯಕ್ಷರು ಮೈಕಿಗೆ ಬಂದು, "ಎಷ್ಟು ನಿಷ್ಕಪಟವಾದ ಮಾತುಗಳು! ಈ ಮಾತುಗಳ ಹಿಂದಿರುವ, ತಂದೆಯ ಬಗೆಗಿನ ಅಭಿಮಾನವನ್ನು ನಾವು ಗುರುತಿಸಬೇಕು" ಅಂದರು. ಅಣ್ಣ ತಲೆ ತಗ್ಗಿಸಿ ವಿನಯದಿಂದ ನಕ್ಕ. ಬಾಗಿಲವರೆಗೂ ಓಡಿಬಂದ ಒಬ್ಬ ಕಾರ್ಯಕರ್ತ ಹುಡುಗಿಯ ಕೈಗೆ ಹೂಗುಚ್ಛ ತುರುಕಿದ. ಗೆಳತಿ ಮಾತ್ರ ಕಣ್ಣೊರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಬಾಗಿಲು ಹಾಕಿದ್ರಾ?" ಎಂದು ಮೆಲ್ಲಗೆ ಕೇಳಿದಳು. ಹೂಂ ಅಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಹುಡುಗಿ ಕೂತಳು. ಹೂಗುಚ್ಛವನ್ನು ಮುಂದಿನ ಸೀಟಿನ ಮಗುವಿಗೆ ಕೊಟ್ಟಳು, ಮಗು ಅದರ ಪ್ಲಾಸ್ಟಿಕ್ಕನ್ನು ಚರಚರ ಎಳೆಯುತ್ತಿತ್ತು. ಭದ್ರಾವತಿ ಸೇರುವ ಮೊದಲೇ ಅಣ್ಣನ ಫೋನ್ ಬಂತು. ನನಗೆ.

"ಚೆನ್ನಾಗಿ ಮಾತಾಡಿದ್ಲು ಕಣೇ. ಸ್ವಲ್ಪ ಒರಟು, ಆದ್ರೆ ಜನಕ್ಕೆ ಹಿಡಿಸ್ತು. ದಾವಣಗೆರೆಯೋರು ಕೇಳ್ತಿದಾರೆ, ಮುಂದಿನ ತಿಂಗಳು ಇಬ್ರೂ ಬನ್ನಿ ಅಂತ. ಹೆಸರು ಹಾಕ್ಸೋಕೆ ಹೇಳಿದೀನಿ. ಅವಳ ಪರವಾಗಿ ನೀನೇ ಹೂಂ ಅಂದ್ಬಿಡು."

"ಅವಳು ನನ್ನ ಪಕ್ಕದಲ್ಲೇ ಕೂತಿದಾಳೆ ಭಾಯ್," ಅಂದೆ. "ಅವಳನ್ನೇ ಕೇಳು."

ಫೋನನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಕಿವಿಗಿಟ್ಟುಕೊಂಡು, "ಅಬ್ಬಾ, ಹೇಳಿ" ಅಂದಳು. ಮದುವೆ ನಿಂತ ಮೇಲೆ ಅಪ್ಪ ಮಗಳು ಮೊದಲ ಸಲ ಮಾತಾಡುವುದಿತ್ತು. ಅವಳ ಮುಖದಲ್ಲಿ ಒಂದು ಆಸೆ ಕಾಣಿಸಿದ್ದನ್ನು ನಾನು ನೋಡಿದೆ. ಅವಳು ಕಾದಳು. ಆ ಕಡೆಯಿಂದ ಅಣ್ಣ ಏನೂ ಕೇಳಲಿಲ್ಲ. ಬಸ್ಸು ಊರೊಳಗೆ ಬರುವ ತನಕ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ, ಆಮೇಲೆ ನೋಡಿದರೆ ಅವನು ಯಾವಾಗಲೋ ಇಟ್ಟುಬಿಟ್ಟಿದ್ದ.